ಗುಡಿಗೂ ಹೋಗಲಿ, ಆಸ್ಪತ್ರೆಗೂ ಹೋಗಲಿ

“ಹುಡುಗಗ ಗಾಳಿ ಸೋಕ್ಯಾದ್ರಿ.” “ಯಾರದೋ ನದರ ಬಿದ್ದಾದ.” “ಆಗದವರು ಮಾಟ ಮಾಡಿಸ್ಯಾರ.” “ಶನಿ ಹೆಗಲೇರಿ ಕುಂತಾನ, ಏನು ಮಾಡೂದು?”

ಯಾದಗಿರಿ, ಶಹಾಪುರ, ಸುರಪುರ ಕಡೆಯ ಮನೆಗಳಲ್ಲಿ ಈ ಮಾತುಗಳನ್ನು ಕೇಳದವರು ಇರಲಿಕ್ಕಿಲ್ಲ. ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದ ಮಗ ಹಬ್ಬಕ್ಕೆಂದು ಊರಿಗೆ ಬಂದವನು ಮರಳಿ ಹೋಗಲು ಒಲ್ಲೆ ಎನ್ನುತ್ತಾನೆ. ಕರೆದರೆ ಓಗೊಡುವುದಿಲ್ಲ. ತಾಟಿನ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಾನೆ. ರಾತ್ರಿಯೆಲ್ಲ ಎದ್ದೇ ಇರುತ್ತಾನೆ, ಹಗಲು ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಮೊದಲು ಓಣಿಯ ಆಯಿ ಬಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಆಮೇಲೆ ಮಂತ್ರಿಸಿದ ದಾರ, ತಾಯತ. ಅಮಾವಾಸ್ಯೆಗೆ ಹೇಳಿಕೆ ಕೇಳುವುದು. ಮುಂದಿನ ಅಮಾವಾಸ್ಯೆಗೆ ಇನ್ನೊಂದು ಗುಡಿ. ಹೀಗೆ ಆರು ತಿಂಗಳು ಕಳೆಯುತ್ತವೆ. ಪರೀಕ್ಷೆ ಮುಗಿದಿರುತ್ತದೆ, ಹುಡುಗನ ಹೆಸರು ಹಾಜರಿ ಪುಸ್ತಕದಿಂದ ಹೋಗಿರುತ್ತದೆ.

ಈ ಮನೆಯವರನ್ನು ಮೂಢರೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಅದರಿಂದ ಹುಡುಗನಿಗೆ ಏನು ಬಂತು? ತಾಯಿ ಮಗನ ಸಂಕಟವನ್ನು ಎಲ್ಲರಿಗಿಂತ ಮೊದಲು ಕಂಡಿದ್ದಾಳೆ. ಅದಕ್ಕೆ ತನಗೆ ಗೊತ್ತಿದ್ದ ಹೆಸರನ್ನೇ ಇಟ್ಟಿದ್ದಾಳೆ, ತನ್ನ ಕೈಲಾದ ಉಪಾಯ ಮಾಡಿದ್ದಾಳೆ. ತಪ್ಪಿದ್ದರೆ ಅದು ಆಕೆ ಹಿಡಿದ ದಾರಿಯಲ್ಲಿಲ್ಲ. ಆ ಒಂದೇ ದಾರಿಯಲ್ಲಿ ಆರು ತಿಂಗಳು ಸವೆದು ಹೋದದ್ದರಲ್ಲಿದೆ.

ಹೆಗಲ ಮೇಲಿನ ಭಾರ

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಕಡಿಮೆ. ಅಂದರೆ ಇಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಅನೇಕ ಹುಡುಗ ಹುಡುಗಿಯರು ತಮ್ಮ ಮನೆತನದಲ್ಲಿ ಆ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಗುಳೆ ಹೋಗಿ ಬೆಂಗಳೂರು, ಮುಂಬಯಿ, ಪುಣೆಯಲ್ಲಿ ಗಾರೆ ಕೆಲಸಕ್ಕೆ ನಿಂತಿರುತ್ತಾರೆ. ಮಗ ಹಾಸ್ಟೆಲಿನಲ್ಲಿ, ತಂಗಿ ಮುತ್ಯಾನ ಜೊತೆ ಊರಲ್ಲಿ. “ನೀ ಒಬ್ಬ ಓದಿ ನೌಕರಿ ಹಿಡದರ ನಮ್ಮ ಮನಿ ಉದ್ಧಾರ ಆಗ್ತಾದ” ಎಂಬ ಮಾತು ಪ್ರೀತಿಯದೇ. ಆದರೆ ಹತ್ತೊಂಬತ್ತರ ಹರೆಯದ ಹೆಗಲಿಗೆ ಅದು ಹಗುರವಾದ ಮಾತಲ್ಲ.

1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಈ ಭಾಗದ ಮಕ್ಕಳಿಗೆ ಉನ್ನತ ಶಿಕ್ಷಣ ಹತ್ತಿರ ಬಂತು. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು, ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜು ಬಂದವು. ಕಾಲೇಜುಗಳೇನೋ ಮನೆ ಬಾಗಿಲಿಗೆ ಬಂದವು. ಆದರೆ ಓದಲು ಹೋದ ಮಗು ಎರಡು ಲೋಕಗಳ ನಡುವೆ ನಿಂತಿತು. ಬೆಳಿಗ್ಗೆ ಮನಶ್ಶಾಸ್ತ್ರದ ಪಾಠ ಕೇಳಿದ ವಿದ್ಯಾರ್ಥಿಯ ರಟ್ಟೆಯಲ್ಲಿ ಅವ್ವ ಕಟ್ಟಿದ ತಾಯತ ಇರುತ್ತದೆ. ಮನಸ್ಸು ಕುಸಿದಾಗ ಅವನಿಗೆ ಮೊದಲು ನೆನಪಾಗುವುದು ಪುಸ್ತಕದ ಮಾತಲ್ಲ, ಮನೆಯ ಮಾತು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಅವನು ಆ ಮಾತನ್ನು ಗೆಳೆಯರಿಗೆ ಹೇಳಿದರೆ ನಗುತ್ತಾರೆಂದು ಅಂಜುತ್ತಾನೆ; ಪುಸ್ತಕದ ಮಾತನ್ನು ಮನೆಯಲ್ಲಿ ಹೇಳಿದರೆ “ಹುಚ್ಚ ಅಂತಾರ” ಎಂದು ಅಂಜುತ್ತಾನೆ. ಹೀಗೆ ಎರಡೂ ಕಡೆ ಬಾಯಿ ಮುಚ್ಚಿಕೊಳ್ಳುತ್ತಾನೆ.

ಮೈದುಂಬುವುದೆಲ್ಲ ಕಾಯಿಲೆಯೇ?

ಅಲ್ಲ. ಸಂಕ್ರಾಂತಿಗೆ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ ನೆರೆಯುತ್ತದೆ. ಭಂಡಾರ ತೂರುತ್ತದೆ, ಡೊಳ್ಳು ಬಡಿಯುತ್ತದೆ, ಭಕ್ತರ ಮೈಮೇಲೆ ದೇವರು ಬರುತ್ತದೆ. ಅದಕ್ಕೊಂದು ಹೊತ್ತಿದೆ, ಜಾಗವಿದೆ, ಸುತ್ತ ಜನರಿದ್ದಾರೆ. ಜಾತ್ರೆ ಮುಗಿದ ಮೇಲೆ ಆ ಭಕ್ತ ಮರುದಿನ ಹೊಲಕ್ಕೆ ಹೋಗುತ್ತಾನೆ, ಎಂದಿನಂತೆ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ. ವೈದ್ಯಶಾಸ್ತ್ರವೂ ಇದನ್ನು ಕಾಯಿಲೆ ಎನ್ನುವುದಿಲ್ಲ.

ಕಾಯಿಲೆಯ ಚಹರೆ ಬೇರೆ. ಅದಕ್ಕೆ ಹಬ್ಬ ಹರಿದಿನವಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಂಟಿಯಾಗಿ ಕೂತಾಗ ಬರುತ್ತದೆ, ಪರೀಕ್ಷೆ ಹತ್ತಿರವಾದಾಗ ಅಥವಾ ಒಲ್ಲದ ಮದುವೆ ನಿಶ್ಚಯವಾದಾಗ ಮರುಕಳಿಸುತ್ತದೆ. ಊಟ, ನಿದ್ದೆ, ಓದು ಮೂರನ್ನೂ ಕೆಡಿಸುತ್ತದೆ. ನಿಮ್ಹಾನ್ಸ್‌ನಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ, 2024ರಲ್ಲಿ ಪದ್ಮಶ್ರೀ ಪಡೆದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಮೈಮೇಲೆ ಬರುವ ವಿಷಯವನ್ನು ಅಧ್ಯಯನ ಮಾಡಿದವರು. ಮನಸ್ಸಿನ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದು ಈ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿದವರು. ಬಾಯಿಬಿಟ್ಟು ಹೇಳಲಾಗದ ನೋವನ್ನು ಮೈ ತನ್ನ ಭಾಷೆಯಲ್ಲಿ ಹೇಳುತ್ತದೆ ಎಂಬುದು ಮನೋವೈದ್ಯರು ಕಂಡುಕೊಂಡ ಸತ್ಯ. ಅದು ನಟನೆಯಲ್ಲ, ಸೋಗಲ್ಲ. ಆ ಹೊತ್ತಿನಲ್ಲಿ ಹುಡುಗಿಗೆ ತನ್ನ ಮೇಲೆ ಹಿಡಿತ ಇರುವುದಿಲ್ಲ.

ನಮ್ಮ ಭಾಗದ ‘ಭಾನಾಮತಿ’ಯನ್ನೇ ನೋಡಿ. ಹಳೆಯ ಹೈದರಾಬಾದ್ ಸೀಮೆಯ ಹಳ್ಳಿಗಳಲ್ಲಿ ಈ ಹೆಸರು ಕೇಳಿದರೆ ಇಂದಿಗೂ ಎದೆ ನಡುಗುತ್ತದೆ. ಹೆಂಗಸರು ನಾಯಿಯಂತೆ ಬೊಗಳಿದರಂತೆ, ಮಾಳಿಗೆಯ ಮೇಲೆ ಕಲ್ಲು ಬಿದ್ದವಂತೆ, ಪೆಟ್ಟಿಗೆಯೊಳಗಿನ ಸೀರೆಗೆ ಬೆಂಕಿ ಹತ್ತಿತಂತೆ! ಒಬ್ಬಳಿಗೆ ಕಂಡ ಲಕ್ಷಣ ನಾಲ್ಕು ದಿನದಲ್ಲಿ ಓಣಿಯ ನಾಲ್ವರಿಗೆ ಹಬ್ಬುವುದೂ ಉಂಟು. ವೈದ್ಯರು ಇದನ್ನು ಸಾಮೂಹಿಕ ಹಿಸ್ಟೀರಿಯಾ ಎನ್ನುತ್ತಾರೆ. ಭಯ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಹುಡುಗಿಯರ ಹಾಸ್ಟೆಲಿನಲ್ಲಿ “ದೆವ್ವ ಕಂಡಿತು” ಎಂಬ ಸುದ್ದಿ ಒಂದೇ ರಾತ್ರಿಯಲ್ಲಿ ಎಲ್ಲರ ನಿದ್ದೆ ಕೆಡಿಸುವುದೂ ಹೀಗೆಯೇ. ಅಂಥ ಹೊತ್ತಿನಲ್ಲಿ ಕೂಗಾಡಿ ಗುಂಪು ಕಟ್ಟಿದಷ್ಟೂ ಅದು ಬೆಳೆಯುತ್ತದೆ. ಮೊದಲು ಅಸ್ವಸ್ಥಳಾದವಳನ್ನು ಗದ್ದಲವಿಲ್ಲದ ಕಡೆ ಕೂರಿಸಿ, ಅವಳನ್ನು ಕಾಡುತ್ತಿರುವುದೇನೆಂದು ಕೇಳುವುದೇ ಮದ್ದು.

ನಂಬಿಕೆಯ ಒಳಿತು, ಕೆಡುಕು

ನಂಬಿಕೆಯಿಂದ ಒಳಿತಾಗುವುದೇ ಇಲ್ಲವೇ? ಆಗುತ್ತದೆ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ಒಂದು ಅಧ್ಯಯನ ನಡೆಸಿ 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ತೀವ್ರ ಮನೋಬೇನೆಯ 31 ಜನ ಅಲ್ಲಿ ಮನೆಯವರೊಬ್ಬರ ಜೊತೆ ಸರಾಸರಿ ಆರು ವಾರ ತಂಗಿದ್ದರು. ಅಲ್ಲಿ ಹಣ ಕೀಳುವುದಿರಲಿಲ್ಲ, ಬೆದರಿಸುವುದಿರಲಿಲ್ಲ. ಬೆಳಗಿನ ಪೂಜೆ, ಗುಡಿಯ ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹಾಕುವುದು, ಅಷ್ಟೇ. ಹೊರಡುವ ಹೊತ್ತಿಗೆ ಅವರ ಕಾಯಿಲೆಯ ಲಕ್ಷಣಗಳು ಸುಮಾರು ಶೇಕಡ 20ರಷ್ಟು ತಗ್ಗಿದ್ದವು. ಆಸರೆ, ನಿತ್ಯದ ಶಿಸ್ತು, ಪಕ್ಕದಲ್ಲಿ ತನ್ನವರು: ಇವು ಮನಸ್ಸಿಗೆ ನಿಜವಾದ ಔಷಧಿಗಳೇ.

ಸುರಪುರ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಸನ್ನಿಧಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಶಹಾಪುರ ತಾಲ್ಲೂಕಿನ ಗೋಗಿಯ ಚಂದಾ ಹುಸೇನಿ ದರ್ಗಾಕ್ಕೂ ಹಾಗೆಯೇ. ಹೊತ್ತು ತಂದ ಚಿಂತೆಯನ್ನು ಅಲ್ಲಿ ಇಳಿಸಿ ಒಂದು ರಾತ್ರಿ ಸುಖವಾಗಿ ಮಲಗಿ ಎದ್ದವರು ಎಷ್ಟೋ ಮಂದಿ. ಆ ಸಮಾಧಾನವನ್ನು ಯಾವ ವೈದ್ಯರೂ ಹೀಗಳೆಯಬೇಕಿಲ್ಲ.

ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ನಡೆದದ್ದನ್ನೂ ಮರೆಯುವಂತಿಲ್ಲ. ದರ್ಗಾದ ಆಸುಪಾಸಿನಲ್ಲಿ ಖಾಸಗಿಯಾಗಿ ನಡೆಯುತ್ತಿದ್ದ ಮನೋರೋಗಿಗಳ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಿಹೋಗಲಾಗದೆ ಸುಟ್ಟು ಸತ್ತರು. ಮುತ್ತುಸ್ವಾಮಿ ಗುಡಿಗೆ ಹೋದವರದೂ ನಂಬಿಕೆ, ಏರ್ವಾಡಿಗೆ ಹೋದವರದೂ ನಂಬಿಕೆ. ಒಂದು ಕಡೆ ನಂಬಿಕೆ ಮನುಷ್ಯನನ್ನು ಅಪ್ಪಿಕೊಂಡಿತು, ಇನ್ನೊಂದು ಕಡೆ ಸರಪಳಿಗೆ ಒಪ್ಪಿಸಿತು. ಹಾಗಾಗಿ ಪಾಲಕರು ಎಲ್ಲಿಗೇ ಹೋಗಲಿ, ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ನನ್ನ ಮಗುವನ್ನು ಹೊಡೆಯುತ್ತಾರೆಯೇ, ಕಟ್ಟುತ್ತಾರೆಯೇ? ಸಾಲ ಮಾಡಿಸಿ ಹಣ ಕೀಳುತ್ತಾರೆಯೇ? “ಡಾಕ್ಟರ ಕಡೆ ಹೋಗಬ್ಯಾಡ, ಗುಳಿಗಿ ಬಿಡು” ಎನ್ನುತ್ತಾರೆಯೇ? ಮೂರರಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಅಲ್ಲಿಂದ ಎದ್ದು ಬರುವುದೇ ಲೇಸು.

ಕಾನೂನೂ ನಿಮ್ಮ ಬೆನ್ನಿಗಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಹಾಗೂ ವಾಮಾಚಾರ ತಡೆ ಕಾಯ್ದೆ ಅಪರಾಧವೆನ್ನುತ್ತದೆ. ಅದೇ ವರ್ಷದ ಕೇಂದ್ರದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

‘ಹಣೆಬರಹ’ದ ಹೆದರಿಕೆ

ಗಾಳಿ, ಮಾಟದ ಮಾತಿಗಿಂತ ಹೆಚ್ಚು ಗಾಸಿ ಮಾಡುವ ಇನ್ನೊಂದು ಮಾತಿದೆ. ಅದು “ನಿನ್ನ ಹಣೆಬರಹವೇ ಇಷ್ಟು.” ಗಾಳಿಯಾದರೆ ಹೊರಗಿನದು, ಬಿಡಿಸಬಹುದೆಂಬ ಆಸೆಯಾದರೂ ಇರುತ್ತದೆ. ಹಣೆಬರಹ ಎಂದ ಮೇಲೆ ಆಸೆಗೂ ಜಾಗವಿಲ್ಲ. ಮೊದಲೇ ಕುಗ್ಗಿದ ಹುಡುಗನಿಗೆ ಜಾತಕ ತೋರಿಸಿ “ಇನ್ನೂ ಎರಡು ವರ್ಷ ಇವನಿಗೆ ಏಳ್ಗೆ ಇಲ್ಲ” ಎಂದರೆ, ಅವನು ಪುಸ್ತಕ ಮುಚ್ಚಿಡುತ್ತಾನೆ. ಆಗ ಭವಿಷ್ಯ ನಿಜವಾಗದೆ ಏನಾದೀತು?

ಸುರಪುರದ ಇತಿಹಾಸದಲ್ಲೇ ಇಂಥದೊಂದು ಕಥೆಯಿದೆ. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಉಸ್ತುವಾರಿ ನೋಡಿಕೊಂಡವನು ಮೆಡೋಸ್ ಟೇಲರ್. ರಾಜ ತನ್ನ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಸಾಯುತ್ತಾನೆಂದು ಜಾತಕದಲ್ಲಿ ಬರೆದಿದ್ದುದನ್ನು ರಾಣಿ ಈಶ್ವರಮ್ಮ ತನಗೆ ಗುಟ್ಟಾಗಿ ತಿಳಿಸಿದಳೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತು ಸೆರೆಸಿಕ್ಕ ರಾಜ, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ಭವಿಷ್ಯ ನಿಜವಾಯಿತಲ್ಲ ಎನ್ನುವವರಿದ್ದಾರೆ. ಆದರೆ ಯೋಚಿಸಿ. ನಿಜವಾದ ಒಂದು ಭವಿಷ್ಯ ಪುಸ್ತಕದಲ್ಲಿ ಉಳಿಯುತ್ತದೆ. ಸುಳ್ಳಾದ ಸಾವಿರ ಭವಿಷ್ಯಗಳನ್ನು ಯಾರೂ ಬರೆದಿಡುವುದಿಲ್ಲ. ಯುದ್ಧ, ಸೋಲು, ಸೆರೆ, ಕೈತಪ್ಪಿದ ರಾಜ್ಯ: ಆ ತರುಣನ ಮೇಲೆ ಬಿದ್ದ ಭಾರವನ್ನು ಕಾಣಲು ಜಾತಕ ಬೇಕಿರಲಿಲ್ಲ. ನಮ್ಮ ಮಕ್ಕಳ ಭಾರವೂ ಅಷ್ಟೇ, ಕಣ್ಣಿಟ್ಟು ನೋಡಿದರೆ ಕಾಣುತ್ತದೆ.

ಹುಡುಗರು ಯಾರಲ್ಲೂ ಹೇಳಿಕೊಳ್ಳದ ಮತ್ತೊಂದು ಹೆದರಿಕೆ ‘ಧಾತು ನಷ್ಟ’ದ್ದು. ನಲವತ್ತು ಹನಿ ರಕ್ತದಿಂದ ಒಂದು ಹನಿ ಮಜ್ಜೆ, ನಲವತ್ತು ಹನಿ ಮಜ್ಜೆಯಿಂದ ಒಂದು ಹನಿ ವೀರ್ಯ ಎಂಬ ಹಳೆಯ ಲೆಕ್ಕ ಕೇಳಿದ ಹುಡುಗ, ನಿದ್ದೆಯಲ್ಲಿ ಸ್ಖಲನವಾದರೆ ತನ್ನ ಶಕ್ತಿಯೆಲ್ಲ ಸೋರಿಹೋಯಿತೆಂದು ನಡುಗುತ್ತಾನೆ. ನಿಶ್ಶಕ್ತಿ, ಮರೆವು, ಓದಿನಲ್ಲಿ ನಿರಾಸಕ್ತಿ ಎಲ್ಲಕ್ಕೂ ಅದೇ ಕಾರಣವೆಂದು ನಂಬುತ್ತಾನೆ. 1960ರಲ್ಲಿ ಭಾರತೀಯ ಮನೋವೈದ್ಯ ಡಾ. ಎನ್.ಎನ್. ವಿಗ್ ಇದನ್ನು ‘ಧಾತು ಸಿಂಡ್ರೋಮ್’ ಎಂದು ಕರೆದರು. ಹರೆಯದಲ್ಲಿ ಅದು ಸಹಜ; ಅದರಿಂದ ರಕ್ತವೂ ಕಡಿಮೆಯಾಗುವುದಿಲ್ಲ, ಬುದ್ಧಿಯೂ ಮಂಕಾಗುವುದಿಲ್ಲ. ನಿಶ್ಶಕ್ತಿಗೆ ಕಾರಣ ಸಾಮಾನ್ಯವಾಗಿ ಒಳಗೆ ಅಡಗಿರುವ ಆತಂಕ ಅಥವಾ ಖಿನ್ನತೆ. ಬಸ್‌ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ’ದ ಜಾಹೀರಾತು ಬರೆಸುವವರು ಬದುಕುತ್ತಿರುವುದು ಈ ಹುಡುಗರ ಭಯದ ಮೇಲೆ, ಅಪ್ಪ ಕಳುಹಿಸಿದ ಹಾಸ್ಟೆಲ್ ಫೀಸಿನ ಮೇಲೆ.

ತಡ ಮಾಡಿದರೆ ಏನಾಗುತ್ತದೆ?

ಮಾನಸಿಕ ಕಾಯಿಲೆ ಮುದುಕರಿಗೆ ಬರುವುದೆಂದು ಹಲವರ ಎಣಿಕೆ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಂತೆ ಇಂಥ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24 ವರ್ಷದೊಳಗೇ ಶುರುವಾಗುತ್ತವೆ. ಸ್ಕಿಜೋಫ್ರೇನಿಯಾದಂಥ ತೀವ್ರ ಬೇನೆ ತಲೆ ಎತ್ತುವುದೂ ಹೆಚ್ಚಾಗಿ ಕಾಲೇಜು ವಯಸ್ಸಿನಲ್ಲೇ. ಬೇಗ ಚಿಕಿತ್ಸೆ ಸಿಕ್ಕರೆ ಗುಣ ಹೆಚ್ಚು. ತಡವಾದಷ್ಟೂ ದಾರಿ ದೂರ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆ ಆತಂಕದಂಥ ಸಾಮಾನ್ಯ ಮನೋಬೇನೆಯಿರುವ ನೂರು ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ ಹೇಳುತ್ತದೆ. ಒಂದೊಂದರ ಹಿಂದೆಯೂ “ಇನ್ನೊಂದು ಸ್ವಲ್ಪ ದಿನ ನೋಡೋಣ” ಎಂದ ಮನೆಯೊಂದಿರಬಹುದು. ಮಗ ಅಥವಾ ಮಗಳು ಸಾವಿನ ಮಾತೆತ್ತಿದರೆ “ಸುಮ್ಮನೆ ಅಂತಾನ” ಎಂದು ತಳ್ಳಿಹಾಕಬೇಡಿ, ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರನ್ನು ಕಾಣಿ. ಪೊಲೀಸ್ ಕೇಸಾದೀತೆಂಬ ಹೆದರಿಕೆಯಿಂದ ಮುಚ್ಚಿಡುವುದೂ ಬೇಡ. 2017ರ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ನೀಡಬೇಕೆನ್ನುತ್ತದೆ.

ಎಲ್ಲಿಗೆ ಹೋಗುವುದು?

“ಡಾಕ್ಟರ ಕಡೆ ಅಂದರ ಬೆಂಗಳೂರಿಗೆ ಹೋಗಬೇಕೇನು?” ಎಂದು ಕೇಳುವವರಿದ್ದಾರೆ. ಬೇಡ. ಮನೋವೈದ್ಯವನ್ನು ಹಳ್ಳಿಯ ಆಸ್ಪತ್ರೆಗೆ ತರಬಹುದೆಂದು ದೇಶಕ್ಕೇ ತೋರಿಸಿಕೊಟ್ಟದ್ದು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಅದಿದೆ. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ಆರಂಭಿಸಿ, ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವ ವ್ಯವಸ್ಥೆ ಮಾಡಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಬಸ್ ಹತ್ತಲೂ ಮನಸ್ಸಿಲ್ಲದವರಿಗೆ ದೂರವಾಣಿಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಕಾಲೇಜಿನಲ್ಲೂ ಕೇಳಿ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಾದ ಆಪ್ತಸಮಾಲೋಚಕರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ನೇಮಿಸಿಕೊಳ್ಳಬೇಕು. ಫೀಸು, ಹಾಜರಾತಿ ವಿಚಾರಿಸುವಂತೆ ಇದನ್ನೂ ಪಾಲಕರು ಪ್ರಾಂಶುಪಾಲರಲ್ಲಿ ವಿಚಾರಿಸಲಿ.

ಮನೆಯಲ್ಲಿ ಮಾತು ಹೇಗೆ?

ಮೊದಲಿಗೆ ಪಾಲಕರಿಗೆ. ನಿದ್ದೆ, ಊಟ, ಓದು, ಗೆಳೆತನ ಈ ನಾಲ್ಕರಲ್ಲಿ ಎರಡು ವಾರದ ಮೇಲೂ ಏರುಪೇರು ಕಂಡರೆ ಅದನ್ನು ಸೋಮಾರಿತನವೆಂದು ಬೈಯಬೇಡಿ. “ಏನಾಗ್ಯಾದ ನಿನಗ?” ಎಂದು ಗದರುವ ಬದಲು “ತಮ್ಮಾ, ರಾತ್ರಿ ನಿದ್ದಿ ಬರ್ತಾದೇನು? ಮನಸಿನ್ಯಾಗ ಏನದ ಹೇಳು, ನಾ ಸಿಟ್ಟಾಗಂಗಿಲ್ಲ” ಎಂದು ಕೇಳಿ ನೋಡಿ. ಮಗಳ ವಿಷಯದಲ್ಲಿ “ಸುದ್ದಿ ಹೊರಗ ಬಿದ್ದರ ಮದುವಿ ಆಗಂಗಿಲ್ಲ” ಎಂದು ಮುಚ್ಚಿಡಬೇಡಿ. ಮಧುಮೇಹದಂತೆ, ರಕ್ತದೊತ್ತಡದಂತೆ ಇದೂ ಒಂದು ಕಾಯಿಲೆ. ಗುಳಿಗೆಯಿಂದ, ಮಾತಿನಿಂದ ಹತೋಟಿಗೆ ಬರುತ್ತದೆ. ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕು. “ಹುಡುಗ ಆರಾಮ ಆದ” ಎಂದು ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸಬೇಡಿ.

ಇನ್ನು ವಿದ್ಯಾರ್ಥಿಗಳಿಗೆ. ಅವ್ವ ತಾಯತ ಕಟ್ಟಲು ಬಂದರೆ ಕೈ ಕೊಡವಬೇಡಿ. “ಕಟ್ಟವ್ವಾ, ಆದರ ನಾಳಿ ನನ್ನ ಸಂಗಡ ದವಾಖಾನಿಗೂ ಬಾ” ಎನ್ನಿ. ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಗೆಳೆಯ ದಿನಗಟ್ಟಲೆ ಮಾತು ಬಿಟ್ಟು ಕೂತರೆ ಅವನಿಗೆ ಅಡ್ಡಹೆಸರಿಟ್ಟು ನಗಬೇಡಿ. ಮೆಸ್ಸಿಗೆ ಕರೆದುಕೊಂಡು ಹೋಗಿ, ಜೊತೆಗೆ ಕೂತು ಉಣ್ಣಿ, ವಾರ್ಡನ್ನರಿಗೆ ತಿಳಿಸಿ.

ದೇವರ ಮೇಲಿನ ನಂಬಿಕೆಗೂ ವೈದ್ಯರ ಮೇಲಿನ ನಂಬಿಕೆಗೂ ಜಗಳ ಹಚ್ಚುವ ಅಗತ್ಯವಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋಗುವ ನಾವು ತೊಟ್ಟಿಲ ಶಾಸ್ತ್ರವನ್ನೇನೂ ಬಿಟ್ಟಿಲ್ಲ. ಹಾವು ಕಚ್ಚಿದರೆ ಇಂಜೆಕ್ಷನ್ ಕೊಡಿಸುವ ನಾವು ನಾಗರ ಪಂಚಮಿಯನ್ನೂ ಬಿಟ್ಟಿಲ್ಲ. ಮೈಯ ವಿಷಯದಲ್ಲಿ ಕಲಿತ ಈ ಜಾಣತನವನ್ನು ಮನಸ್ಸಿನ ವಿಷಯದಲ್ಲೂ ಕಲಿತರೆ ಸಾಕು. ಹರಕೆ ಹೊರಿ, ತೀರಿಸಿ. ಆದರೆ ಅಮಾವಾಸ್ಯೆಗೆ ಗುಡಿಗೆ ಕರೆದೊಯ್ದ ಮಗನನ್ನು ಅದರ ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಕರೆದೊಯ್ಯಿರಿ. ಇನ್ನೊಂದು ಅಮಾವಾಸ್ಯೆಯ ದಾರಿ ಕಾಯಬೇಡಿ.